ಯೋಧರ ಮನೆಗೊಂದು ಕೌದಿ: ಬಟ್ಟೆ ಕೇಳುವುದರಿಂದ ಮಡಿಚಿ ಕೊಡುವವರೆಗೆ

ಸೇನೆಯಲ್ಲಿ ಪ್ರಾಣ ಬಿಟ್ಟ ಯೋಧರ ಮನೆಯವರಿಗೆ ನಾವು ಹಳೇ ಬಟ್ಟೆಯ ಕೌದಿ ಹೊಲಿದು ಕೊಡುತ್ತೇವೆ. ಹಾಗೆ ಹೊಲಿದ ಮೊದಲ ಕೌದಿಯನ್ನು ಪೂರ್ತಿ ಬಿಚ್ಚಬೇಕಾಯಿತು. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು, ಮಧ್ಯದಲ್ಲಿ ನೀಲಿ ದಾರದ ಚಕ್ರ. ಐದು ಜನ ಹೆಂಗಸರು ಇಪ್ಪತ್ತು ದಿನ ಕೂತು ಮಾಡಿದ್ದು. ನಮ್ಮ ಬೀದಿಯಲ್ಲಿರುವ ನಿವೃತ್ತ ಸುಬೇದಾರರೊಬ್ಬರು ಬಂದು ನೋಡಿದರು. ‘ಕೆಲಸ ಚೆನ್ನಾಗಿದೆ ಅಕ್ಕಾ. ಆದ್ರೆ ಧ್ವಜ ಹೊದ್ಕೊಂಡು ಮಲಗೋಕಾಗಲ್ಲ ಅಲ್ವಾ’ ಎಂದರು. ನಮಗೆ ಹೊಳೆದೇ ಇರಲಿಲ್ಲ.

ಅವರು ಹೇಳಿದ್ದು ಬರೀ ಭಾವನೆಯ ಮಾತಲ್ಲ, ಕಾನೂನೂ ಹೌದು. ದಿಂಬು, ಕರವಸ್ತ್ರ, ಉಡುಪಿನ ಬಟ್ಟೆ ಇಂಥವುಗಳ ಮೇಲೆ ರಾಷ್ಟ್ರಧ್ವಜವನ್ನು ಕಸೂತಿ ಹಾಕಬಾರದು, ಮುದ್ರಿಸಬಾರದು ಎಂದು 2002ರ ಧ್ವಜ ಸಂಹಿತೆಯಲ್ಲಿದೆ. 1971ರ ರಾಷ್ಟ್ರಗೌರವ ಕಾಯ್ದೆಯೂ ಇದೇ ದಾರಿಯಲ್ಲಿದೆ. ಅದೂ ಅಲ್ಲದೆ, ಆ ಮನೆಗೆ ಧ್ವಜ ಆಗಲೇ ಬಂದಿರುತ್ತದೆ. ಪೆಟ್ಟಿಗೆಯ ಮೇಲೆ ಹೊದಿಸಿದ್ದ ಧ್ವಜವನ್ನು ಚಿತೆಗೆ ಇಡುವುದಿಲ್ಲ, ಗುಂಡಿಗೂ ಇಳಿಸುವುದಿಲ್ಲ. ಮಡಿಚಿ ಮನೆಯವರ ಕೈಗೆ ಕೊಡುತ್ತಾರೆ. ಅದು ಬೀರುವಿನಲ್ಲಿ ಇರುತ್ತದೆ. ಕೌದಿ ಇರಬೇಕಾದ್ದು ಮೈಮೇಲೆ. ಈ ವ್ಯತ್ಯಾಸ ತಲೆಯಲ್ಲಿ ಕೂತ ಮೇಲೆ ಉಳಿದ ಕೆಲಸವೆಲ್ಲ ಸಲೀಸಾಯಿತು.

ನಮ್ಮ ಗುಂಪಿನಲ್ಲಿ ಈ ಯೋಚನೆ ಶುರುವಾದದ್ದು 2016ರ ಫೆಬ್ರವರಿಯಲ್ಲಿ. ಸಿಯಾಚಿನ್‌ನಲ್ಲಿ 3ನೇ ತಾರೀಖು ಹಿಮ ಕುಸಿದು ಹತ್ತು ಯೋಧರು ಸಿಕ್ಕಿಹಾಕಿಕೊಂಡರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಹೋದರು. ಆ ವಾರ ಟಿವಿ ಮುಂದೆ ಕೂತಿದ್ದ ನಮ್ಮಜ್ಜಿ ಒಂದೇ ಮಾತು ಕೇಳಿದ್ದು: ‘ಅಷ್ಟು ಚಳೀಲಿ ಆ ಹುಡುಗನಿಗೆ ಹೊದೆಯೋಕೆ ಏನಿತ್ತೋ?’

ಮೊದಲು ಬಾಗಿಲು, ಆಮೇಲೆ ಸೂಜಿ

ಮನೆಯವರನ್ನು ಕೇಳದೆ ಒಂದು ಹೊಲಿಗೆಯನ್ನೂ ಹಾಕಬೇಡಿ. ನೇರವಾಗಿ ಹೋಗಿ ಕದ ತಟ್ಟುವುದೂ ಬೇಡ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಅಥವಾ ಊರಿನ ಮಾಜಿ ಸೈನಿಕರ ಸಂಘಕ್ಕೆ ಹೋಗಿ, ನೀವು ಯಾರು, ಏನು ಮಾಡಬೇಕೆಂದಿದ್ದೀರಿ ಎಂದು ಹೇಳಿ. ಅವರೇ ಮನೆಯವರನ್ನು ವಿಚಾರಿಸಿ, ಒಪ್ಪಿಗೆ ಇದ್ದರೆ ನಿಮ್ಮನ್ನು ಕರೆಯಲಿ. ವಿಳಾಸ, ಫೋನ್ ನಂಬರ್ ಮೊದಲೇ ಕೊಡಿ ಎಂದು ಕಾಡಬೇಡಿ.

ಸುದ್ದಿ ಬಂದ ಮೊದಲ ತಿಂಗಳಲ್ಲಂತೂ ಹೋಗಲೇಬೇಡಿ. ಆಗ ಮನೆ ತುಂಬ ಜನ, ಕ್ಯಾಮೆರಾ, ಹಾರ. ನಾಲ್ಕೈದು ತಿಂಗಳು ಕಳೆದ ಮೇಲೆ ಬರುವವರು ಕಮ್ಮಿಯಾಗುತ್ತಾರೆ. ವರ್ಷಾಂತಿಕ ಮುಗಿದ ಮೇಲಾದರೆ ಇನ್ನೂ ವಾಸಿ. ಹತ್ತು ವರ್ಷ ಆಗಿಹೋಗಿದೆ, ಈಗೇನು ಅಂತ ಬಿಡಬೇಡಿ. 1999ರ ಕಾರ್ಗಿಲ್ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಈಗ ಎಪ್ಪತ್ತು ದಾಟಿರಬಹುದು. ಚಳಿ ಜಾಸ್ತಿ ಆಗುವ ವಯಸ್ಸು ಅದು.

ಕೇಳಬೇಕಾದ ಪ್ರಶ್ನೆ ಮೂರು. ಕೌದಿ ಬೇಕಾ? ಅವರ ಬಟ್ಟೆ ಸೇರಿಸಬಹುದಾ? ಎಷ್ಟು ಕೌದಿ?

ಎರಡನೆಯದು ಸೂಕ್ಷ್ಮ. ಹೋದವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಎನ್ನುವ ಮನೆಗಳಿವೆ. ಎಲ್ಲವನ್ನೂ ದಾನ ಕೊಟ್ಟವರಿದ್ದಾರೆ, ಹೊಳೆಗೆ ಬಿಟ್ಟವರಿದ್ದಾರೆ. ‘ಬೇಡ’ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಯಾಕೆ ಅಂತ ಕೇಳಬೇಡಿ. ತಾಯಿಯ ಹಳೇ ಸೀರೆ, ಅಕ್ಕತಂಗಿಯರ ದುಪಟ್ಟ, ಯೋಧರು ಓದಿದ ಶಾಲೆಯ ಹತ್ತಿರದ ಮನೆಗಳಿಂದ ಒಂದೊಂದು ತುಂಡು, ಇಷ್ಟರಲ್ಲೇ ಒಳ್ಳೆಯ ಕೌದಿ ಆಗುತ್ತದೆ.

ಮೂರನೆಯದು ಇನ್ನೂ ಸೂಕ್ಷ್ಮ. ಹೆಂಡತಿ ಒಂದು ಕಡೆ, ಅಪ್ಪ ಅಮ್ಮ ಇನ್ನೊಂದು ಕಡೆ ಇರುವುದು ಸಾಮಾನ್ಯ. ಒಂದೇ ಕೌದಿ ಮಾಡಿದರೆ ಅದು ಯಾರ ಮನೆಗೆ? ನಾವು ಒಮ್ಮೆ ಒಂದೇ ಮಾಡಿ ಒಯ್ದೆವು. ಅತ್ತೆ ಸೊಸೆ ಇಬ್ಬರೂ ‘ನಿಮ್ಮ ಹತ್ರನೇ ಇರ್ಲಿ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಇಬ್ಬರ ಕೈಯೂ ಕೌದಿಯ ಮೇಲೇ ಇತ್ತು. ಅಂದಿನಿಂದ ಎರಡು ಮನೆ ಇದ್ದರೆ ಎರಡು ಕೌದಿ. ಅಂಗಿ ಒಂದೇ ಸಿಕ್ಕರೆ ಬೆನ್ನಿನ ಭಾಗ ಒಂದಕ್ಕೆ, ಎದೆಯ ಭಾಗ ಇನ್ನೊಂದಕ್ಕೆ.

ಕಾಲ ನೋಡಿಕೊಳ್ಳಿ

ನವೆಂಬರ್‌ನಿಂದ ಜನವರಿವರೆಗೆ ಮಲೆನಾಡಿನ ಹೆಂಗಸರಿಗೆ ಅಡಿಕೆ ಕೊಯ್ಲು, ಸುಲಿಯುವ ಕೆಲಸ. ಸುಲಿದ ಕೈಗೆ ಚೊಗರು, ಅಂದರೆ ಅಡಿಕೆಯ ಕಂದು ರಸ ಹತ್ತಿರುತ್ತದೆ. ಆ ಕೈಯಲ್ಲಿ ಬಿಳಿ ಬಟ್ಟೆ ಮುಟ್ಟಿದರೆ ಕಲೆ ಹೋಗುವುದಿಲ್ಲ. ಮಳೆಗಾಲದಲ್ಲಿ ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ಬಟ್ಟೆ ಒಣಗುವುದೇ ಇಲ್ಲ. ಪದರದೊಳಗೆ ತೇವ ಉಳಿದರೆ ಬೂಷ್ಟು. ಆದ್ದರಿಂದ ಫೆಬ್ರವರಿಯಿಂದ ಮೇ ಮಧ್ಯದವರೆಗೆ ಹೊಲಿಯಿರಿ. ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ಕೊಡಬೇಕು ಅಂತಿದ್ದರೂ ಮಳೆ ಹಿಡಿಯುವ ಮೊದಲೇ ಹೊಲಿದು, ತೊಳೆದು, ಒಣಗಿಸಿ ಎತ್ತಿಡಿ.

ಬಟ್ಟೆ

ಕೌದಿಯ ಕೆಳಗಿನ ಪದರಕ್ಕೆ, ಅಂದರೆ ಹಾಸಿಗೆ ಬಳಸುವ ಬಟ್ಟೆಗೆ, ಹಳೇ ಕಾಟನ್ ಸೀರೆ. ನೂರು ಸಲ ಒಗೆದು ಮೆತ್ತಗಾದದ್ದೇ ಒಳ್ಳೆಯದು. ಹೊಸದೇ ಬೇಕಿದ್ದರೆ ಕೈಮಗ್ಗದ ಬಟ್ಟೆ ತನ್ನಿ. ಸಾಗರದ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ‘ಚರಕ’ ಸಹಕಾರ ಸಂಘದ ಹೆಣ್ಣುಮಕ್ಕಳು ಸಹಜ ಬಣ್ಣದ ಬಟ್ಟೆ ಮಾಡುತ್ತಾರೆ. ಅಡಿಕೆ ಚೊಗರಿನ ಕಂದು ಬಣ್ಣ ನಮ್ಮ ಕಡೆಯ ಕೌದಿಗೆ ಚೆನ್ನಾಗಿ ಒಪ್ಪುತ್ತದೆ. ನಡುವಿನ ಪದರಕ್ಕೆ ಹಳೇ ಪಂಚೆ ಅಥವಾ ಸವೆದ ಬೆಡ್‌ಶೀಟ್. ಶಿವಮೊಗ್ಗದ ಚಳಿಗೆ ಒಂದು ಪದರ ಸಾಕು, ಆಗುಂಬೆ ಕಡೆಗಾದರೆ ಎರಡು. ಮೂರು ಹಾಕಿದರೆ ಸೂಜಿ ಹೋಗುವುದಿಲ್ಲ, ಮಳೆಗಾಲದಲ್ಲಿ ಒಣಗುವುದೂ ಇಲ್ಲ.

ಮೇಲಿನ ಪದರಕ್ಕೆ ತುಂಡುಗಳು. ನೈಲಾನ್, ಜಾರ್ಜೆಟ್, ಜರಿ ಬೇಡ. ಜರಿ ಚುಚ್ಚುತ್ತದೆ, ಜಾರ್ಜೆಟ್ ಜಾರುತ್ತದೆ. ಯೂನಿಫಾರ್ಮ್ ಬಟ್ಟೆ ಸಾಮಾನ್ಯವಾಗಿ ಟೆರಿಕಾಟ್, ದಪ್ಪ ಇರುತ್ತದೆ. ಅದನ್ನು ಅಂಚಿನಿಂದ ದೂರ ಇಟ್ಟು, ಕಾಟನ್ ತುಂಡುಗಳ ನಡುವೆ ಕೂರಿಸಿ. ಮನೆಯವರು ಕೊಟ್ಟ ಯೂನಿಫಾರ್ಮ್ ಮಾತ್ರ ಬಳಸಿ. ಪೇಟೆಯಲ್ಲಿ ಸಿಗುವ ಸೇನೆಯ ಚುಕ್ಕೆ ಪ್ರಿಂಟಿನ ಬಟ್ಟೆ ತಂದು ಸೇರಿಸಬೇಡಿ. 2022ರ ಜನವರಿಯಲ್ಲಿ ಬಂದ ಹೊಸ ಸಮವಸ್ತ್ರದ ವಿನ್ಯಾಸದ ಹಕ್ಕನ್ನು ಸೇನೆ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಅದಕ್ಕಿಂತ ಹೆಚ್ಚಾಗಿ, ಯಾರೂ ತೊಡದ ಬಟ್ಟೆ ಅದು. ತಾಯಿಗೆ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಪದಕ ಹೊಲಿಯಬೇಡಿ. ಭುಜದ ಪಟ್ಟಿ, ಬ್ಯಾಡ್ಜು ಸೇರಿಸಬೇಕೋ ಬೇಡವೋ ಮನೆಯವರೇ ಹೇಳಲಿ.

ಈಗ ಒಗೆಯುವ ವಿಷಯ. ದಾನಕ್ಕೆ ಬಂದ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ ಒಗೆಯಿರಿ. ಆದರೆ ಯೋಧರ ಬಟ್ಟೆಯನ್ನು ಕೇಳದೆ ನೀರಿಗೆ ಹಾಕಬೇಡಿ. ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ ಮಗನ ಬೂದು ಬಣ್ಣದ ಅಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಟ್ಟರು. ‘ಇದನ್ನ ಒಗೀಬೇಡಿ ಆಯ್ತಾ. ರಜೆಗೆ ಬಂದಾಗ ಬಿಚ್ಚಿಟ್ಟು ಹೋಗಿದ್ದು’ ಎಂದರು. ಜೇಬಿನ ಮೂಲೆಯಲ್ಲಿ ಪೆನ್ನಿನ ಶಾಯಿ ಕಾಸಿನಗಲ ಇಳಿದಿತ್ತು. ಮೂರನೇ ಗುಂಡಿ ಮಾತ್ರ ಬಿಳಿ ದಾರದಲ್ಲಿ ಹೊಲಿದದ್ದು, ಉಳಿದವು ಕಪ್ಪು. ಯಾರೋ ಅವಸರದಲ್ಲಿ, ಬಹುಶಃ ಅವರೇ, ಹಾಕಿಕೊಂಡಿದ್ದು. ಕೌದಿ ಅಂದರೆ ಒಂದು ದಿನ ತೊಳೆಯಲೇಬೇಕಾದ ವಸ್ತು ಎಂದು ಅವರಿಗೆ ಮೆಲ್ಲಗೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಕಾಲರ್ ನನಗೆ ಬಿಡಿ, ಉಳಿದದ್ದು ತಗೊಳ್ಳಿ’ ಎಂದರು. ಕಾಲರ್ ಕತ್ತರಿಸಿ ಅದೇ ಕವರಿನಲ್ಲಿ ವಾಪಸ್ ಕೊಟ್ಟೆವು. ಜೇಬು ಶಾಯಿ ಸಮೇತ ಕೌದಿಗೆ ಹೋಯಿತು. ಕಲೆ ಕಂಡ ಕೂಡಲೇ ತೆಗೆಯಲು ಹೋಗಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಬಣ್ಣ ಬಿಡುತ್ತದೋ ಇಲ್ಲವೋ ಪ್ರತಿ ತುಂಡನ್ನೂ ಪರೀಕ್ಷೆ ಮಾಡಿ. ಒದ್ದೆ ಬಿಳಿ ಬಟ್ಟೆ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿದರೆ ಸಾಕು, ಬಣ್ಣ ಬಿಡುವ ಬಟ್ಟೆ ಗುರುತು ಬಿಟ್ಟುಕೊಡುತ್ತದೆ. ಉಪ್ಪುನೀರಿಗೆ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತಾರೆ, ನಂಬಬೇಡಿ. ನಾವು ನಂಬಿ ಒಂದು ಕೆಂಪು ಸೀರೆ ತುಂಡು ಹಾಕಿದ್ದೆವು. ಮೊದಲ ಒಗೆತಕ್ಕೇ ಪಕ್ಕದ ಬಿಳಿ ಪಂಚೆ ಗುಲಾಬಿಯಾಯಿತು.

ಅಳತೆ

ಒಬ್ಬರು ಹೊದೆಯಲು 5 ಅಡಿ ಅಗಲ, 7 ಅಡಿ ಉದ್ದ. ಅಂದರೆ 60 ಇಂಚು, 84 ಇಂಚು. ಹೊಲಿಯುತ್ತಾ ಬಟ್ಟೆ ಸುಕ್ಕುಗಟ್ಟಿ ಒಳಗೆ ಎಳೆಯುತ್ತದೆ, ಅಂಚೂ ಮಡಿಚಬೇಕು. ಅದಕ್ಕೆ ನಾಲ್ಕೂ ಕಡೆ ಎರಡೆರಡು ಇಂಚು ಜಾಸ್ತಿ ಇಡಿ. ಐದೂವರೆ ಮೀಟರಿನ ಸೀರೆಯಲ್ಲಿ ಏಳು ಅಡಿ ನಾಲ್ಕು ಇಂಚಿನ ಎರಡು ತುಂಡು ಬರುತ್ತದೆ, ಇನ್ನೂ ಒಂದು ಮೀಟರ್ ಉಳಿಯುತ್ತದೆ. ಒಂದು ತುಂಡನ್ನು ಪೂರ್ತಿ ಪನ್ನದಲ್ಲಿ (ಸೀರೆಯ ಅಗಲದಲ್ಲಿ) ಬಿಟ್ಟು, ಇನ್ನೊಂದರಿಂದ 21 ಇಂಚಿನ ಪಟ್ಟಿ ಕತ್ತರಿಸಿ ಸೇರಿಸಿದರೆ ಹಾಸು ಸಿದ್ಧ. ಈ ಒಂದು ಜೋಡಣೆಯನ್ನು ಮೆಷಿನ್‌ನಲ್ಲೇ ಹೊಡೆಯಿರಿ. ಎಲ್ಲವನ್ನೂ ಕೈಯಲ್ಲೇ ಮಾಡಬೇಕೆಂಬ ಹಟ ಬೇಡ.

ಏನು ಬಿಡಿಸಬೇಕು

ಬಂದೂಕು, ಟ್ಯಾಂಕು, ಹುಲಿ ಬೇಡ. ನೋಡಿದಾಗಲೆಲ್ಲ ಸಾವಿನ ಗಳಿಗೆ ನೆನಪಾಗುವಂಥದ್ದು ಹಾಸಿಗೆ ಮೇಲೆ ಯಾಕೆ?

ಯೋಧರನ್ನು ನೆನೆಯುವುದು ನಮ್ಮ ಸೀಮೆಗೆ ಹೊಸತಲ್ಲ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಮ್ಯೂಸಿಯಂಗೆ ಒಂದು ಸುತ್ತು ಹೋಗಿ ವೀರಗಲ್ಲುಗಳನ್ನು ನೋಡಿ ಬನ್ನಿ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗ. ತುದಿಯಲ್ಲಿ ಸೂರ್ಯ ಚಂದ್ರ. ನಾವು ಮೂರೂ ಅಂಕಣ ಬಿಟ್ಟು ಸೂರ್ಯ ಚಂದ್ರರನ್ನು ಮಾತ್ರ ತೆಗೆದುಕೊಂಡೆವು. ತಲೆಯ ಕಡೆ ಎಡಕ್ಕೊಂದು ಹಳದಿ ವೃತ್ತ, ಬಲಕ್ಕೊಂದು ಬಿಳಿ ಚಂದ್ರ. ಯಾವ ಜಾತಿ, ಯಾವ ಧರ್ಮದ ಮನೆಗಾದರೂ ನಡೆಯುತ್ತದೆ. ಅಲ್ಲೇ ಮಾಸ್ತಿಕಲ್ಲುಗಳೂ ಇರುತ್ತವೆ, ಗಂಡನ ಜೊತೆ ಸತಿ ಹೋದ ಹೆಂಗಸರ ನೆನಪಿನ ಕಲ್ಲುಗಳು, ಬಳೆ ತೊಟ್ಟ ಕೈ ಎತ್ತಿದಂಥವು. ಆ ಕೈ ಕೌದಿಗೆ ಬರಲೇಬಾರದು. ನಾವು ಹೊಲಿಯುತ್ತಿರುವುದು ಮುಂದೆ ಬದುಕಬೇಕಾದ ಹೆಣ್ಣಿಗೆ.

ಇನ್ನೊಂದು ಆಯ್ಕೆ ಹಸೆ ಚಿತ್ತಾರ. ಸಾಗರ, ಸೊರಬ ಕಡೆ ದೀವರ ಸಮುದಾಯದ ಮನೆಯ ಗೋಡೆಗಳಲ್ಲಿ ನೇರ ಗೆರೆ, ಚೌಕ, ಓರೆ ಗೆರೆಗಳಲ್ಲಿ ಬರೆಯುತ್ತಾರಲ್ಲ, ಅದು ಕೌದಿ ಹೊಲಿಗೆಗೆ ಹೇಳಿ ಮಾಡಿಸಿದಂತಿದೆ. ಕೆಮ್ಮಣ್ಣಿನ ಬಣ್ಣದ ಬಟ್ಟೆ ಮೇಲೆ ಬಿಳಿ ದಾರ. ಆದರೆ ಬರೆಯಲು ಬರುವವರನ್ನೇ ಕರೆದು ಸೀಮೆಸುಣ್ಣದಲ್ಲಿ ಗೆರೆ ಹಾಕಿಸಿ. ಫೋಟೋ ನೋಡಿ ನಕಲು ಮಾಡಿದ್ದು ಎದ್ದು ಕಾಣುತ್ತದೆ.

ಹಾಸಿ ಹಿಡಿಯುವುದು

ಜಗಲಿ ಗುಡಿಸಿ, ಒರೆಸಿ, ಒಣಗಿದ ಮೇಲೆ ಹಾಸನ್ನು ಕೆಳಮುಖವಾಗಿ ಹರಡಿ. ನಾಲ್ಕು ಮೂಲೆಗೆ ಕಲ್ಲುಗುಂಡು ಇಡಿ. ಅದರ ಮೇಲೆ ನಡುಪದರ. ಅಂಗೈಯಿಂದ ನಡುವಿನಿಂದ ಹೊರಕ್ಕೆ ನೀವುತ್ತಾ ಸುಕ್ಕು ತೆಗೆಯಿರಿ. ಆಮೇಲೆ ತುಂಡುಗಳು. ಯೋಧರ ಬಟ್ಟೆಯ ತುಂಡನ್ನು ಮೊದಲು ಕೂರಿಸಿ. ಎದೆಯ ಹತ್ತಿರ ಬರುವ ಜಾಗ ಒಳ್ಳೆಯದು. ಉಳಿದ ತುಂಡುಗಳು ಅದರ ಸುತ್ತ, ಒಂದರ ಮೇಲೊಂದು ಅರ್ಧ ಇಂಚು ಹತ್ತಿಸಿ, ಅಂಚು ಒಳಕ್ಕೆ ಮಡಿಚಿ. ಪಿನ್ನು ಸಾಲದು. ಅಂಗೈ ಅಗಲದ ಅಂತರದಲ್ಲಿ ಕಚ್ಚಾ ಹೊಲಿಗೆ ಹಾಕಿ, ಉದ್ದಕ್ಕೂ ಅಡ್ಡಕ್ಕೂ. ಇದಕ್ಕೆ ಒಂದು ಮಧ್ಯಾಹ್ನ ಬೇಕು. ಇಲ್ಲಿ ಅವಸರ ಮಾಡಿದರೆ ಕೊನೆಗೆ ನಡುವಿನಲ್ಲಿ ಬಟ್ಟೆ ಗುಳ್ಳೆಯೇಳುತ್ತದೆ, ಆಗ ಏನೂ ಮಾಡೋಕಾಗಲ್ಲ.

ಹೊಲಿಗೆ

ಸೂಜಿ ಉದ್ದವಾಗಿ, ಕಣ್ಣು ದೊಡ್ಡದಿರಲಿ. ಗೋಣಿ ಹೊಲಿಯುವ ದಬ್ಬಣ ಬೇಡ, ಬಟ್ಟೆಯಲ್ಲಿ ತೂತು ಉಳಿಯುತ್ತದೆ. ದಾರ ದಪ್ಪ ಕಾಟನ್. ಎರಡು ಮೊಳಕ್ಕಿಂತ ಉದ್ದ ತೆಗೆದುಕೊಂಡರೆ ಸಿಕ್ಕಾಗುತ್ತದೆ. ದಾರವನ್ನು ಒಮ್ಮೆ ಜೇನುಮೇಣದ ಮೇಲೆ ಎಳೆದುಕೊಳ್ಳಿ, ಸಲೀಸಾಗಿ ಜಾರುತ್ತದೆ.

ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತು ಬನ್ನಿ. ಒಂದು ಸುತ್ತು ಮುಗಿದ ಮೇಲೆ ಒಂದು ಇಂಚು ಒಳಗೆ ಎರಡನೇ ಸುತ್ತು. ಹೀಗೇ ನಡುವಿಗೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳೂ ಹೀಗೇ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಒಂದು ಸಲಕ್ಕೆ ಸೂಜಿಯ ಮೇಲೆ ನಾಲ್ಕೈದು ಹೊಲಿಗೆ ಏರಿಸಿಕೊಂಡು ಎಳೆಯಿರಿ. ಹೊಲಿಗೆ ಅಕ್ಕಿಕಾಳಿನಷ್ಟಿದ್ದರೆ ಚೆಂದ. ಭತ್ತದಷ್ಟಾದರೂ ಅಡ್ಡಿಯಿಲ್ಲ. ಅದಕ್ಕಿಂತ ಉದ್ದವಾದರೆ ಮಲಗಿದವರ ಕಾಲ್ಬೆರಳ ಉಗುರಿಗೆ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಕೈಯ ಬೆರಳಿಗೆ ಸೂಜಿಯ ತುದಿ ತಾಗಿದರೆ ಮಾತ್ರ ಹೊಲಿಗೆ ಮೂರೂ ಪದರ ಹಿಡಿದಿದೆ ಎಂದರ್ಥ. ಬೆರಳು ತೂತಾಗುತ್ತದೆ, ನಿಜ. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಟೋಪಿಯನ್ನು ಸೂಜಿ ತಳ್ಳುವ ಕೈಗೆ ಹಾಕಿ. ಕೆಳಗಿನ ಬೆರಳಿಗೆ ಒಂದು ಸುತ್ತು ಟೇಪು.

ಲೆಕ್ಕ ಕೇಳಿ. ಇಂಚಿಗೊಂದು ಗೆರೆ ಅಂದರೆ ಒಂದು ಕೌದಿಗೆ ಸುಮಾರು 128 ಮೀಟರ್ ಉದ್ದದ ಹೊಲಿಗೆ. ಕೈ ಪಳಗಿದವರು ಗಂಟೆಗೆ ಮೂರು ಮೀಟರ್ ಹಾಕುತ್ತಾರೆ. ಅಲ್ಲಿಗೆ 43 ಗಂಟೆ. ನಾಲ್ಕು ಜನ ದಿನಕ್ಕೆ ಎರಡು ಗಂಟೆ ಕೂತರೆ ಐದಾರು ದಿನ. ಅರ್ಧ ಇಂಚಿಗೆ ಗೆರೆ ಹಾಕಿದರೆ ಎಲ್ಲ ಎರಡರಷ್ಟು. ನಾವು ಮೊದಲು ಇಪ್ಪತ್ತು ದಿನ ತೆಗೆದುಕೊಂಡದ್ದಕ್ಕೆ ಆ ಚಕ್ರವೂ ಕಾರಣ, ನಮ್ಮ ಬಾಯಿಯೂ ಕಾರಣ.

ನಾಲ್ಕು ಜನ ನಾಲ್ಕು ಕಡೆ ಕೂತಾಗ ಒಬ್ಬೊಬ್ಬರ ಎಳೆತ ಒಂದೊಂದು ಥರ. ಬಿಗಿ ಕೈಯವರು ಒಂದೇ ಕಡೆ ಕೂತರೆ ಆ ಬದಿ ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಅದಕ್ಕೆ ಪ್ರತಿ ಸುತ್ತಿಗೂ ಜಾಗ ಬದಲಾಯಿಸಿ. ಹೊಸಬರ ಹೊಲಿಗೆ ವಕ್ರವಾಗಿದ್ದರೆ ಬಿಚ್ಚಬೇಡಿ. ಒಂದು ಮನೆಯ ಅತ್ತಿಗೆ ಆ ವಕ್ರ ಸಾಲನ್ನೇ ಬೆರಳಲ್ಲಿ ಸವರಿ, ‘ಇದ್ಯಾರು ಹಾಕಿದ್ದು ಮಾರಾಯ್ತಿ?’ ಎಂದು ನಕ್ಕರು. ಆ ಮನೆಯಲ್ಲಿ ಅವತ್ತು ನಾವು ಕೇಳಿದ ಒಂದೇ ನಗು ಅದು.

ಒಂದು ಮಾತು. ಬೇರೆ ದೇಶಗಳಲ್ಲೂ ಇಂಥದ್ದು ನಡೆಯುತ್ತದೆ. ಅಮೆರಿಕದಲ್ಲಿ ಕ್ವಿಲ್ಟ್ಸ್ ಆಫ್ ವ್ಯಾಲರ್ ಎಂಬ ಕೆಲಸ 2003ರಲ್ಲಿ ಶುರುವಾಯಿತು. ಮಗ ಇರಾಕ್ ಯುದ್ಧದಲ್ಲಿದ್ದಾಗ ಕ್ಯಾಥರೀನ್ ರಾಬರ್ಟ್ಸ್ ಎಂಬ ತಾಯಿ ಶುರು ಮಾಡಿದ್ದು. ಅದು ಯುದ್ಧ ಕಂಡ ಯೋಧರಿಗೇ ಹೊದಿಸುವ ಕ್ವಿಲ್ಟ್. ಅವರ ಕ್ವಿಲ್ಟ್‌ಗೆ ಹೊಸ ಬಟ್ಟೆ, ನಡುವೆ ದೂದಿ, ಅಂದರೆ ಅರಳೆಯ ಪದರ. ಅದನ್ನು ನೋಡಿ ದೂದಿ ತುಂಬಲು ಹೋಗಬೇಡಿ. ನಮ್ಮ ಮಳೆಯಲ್ಲಿ ಅದು ಗಂಟುಗಟ್ಟುತ್ತದೆ.

ಮೂಲೆ, ಅಂಚು, ಹೆಸರು

ಅಂಚಿಗೆ ಎರಡು ಇಂಚಿನ ಪಟ್ಟಿ ಸುತ್ತಿ, ಒಳಕ್ಕೆ ಮಡಿಚಿ ಎರಡು ಸಾಲು ಹೊಲಿಯಿರಿ. ಮೊದಲು ಸವೆಯುವುದು ಅಂಚೇ. ಸಿದ್ದಿಗಳು ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಪದರ ಪದರ ಮಡಿಚಿ ಹೊಲಿಯುತ್ತಾರೆ. ಅದನ್ನು ಫುಲಾ ಎನ್ನುತ್ತಾರೆ. ಅದಿಲ್ಲದ ಕೌದಿ ಅವರಿಗೆ ಬೆತ್ತಲೆ. ನಾವೂ ಕಲಿತು ಹಾಕುತ್ತೇವೆ, ಯಾರಿಂದ ಕಲಿತೆವು ಎಂದು ಹೇಳಿಯೇ ಕೊಡುತ್ತೇವೆ.

ಹೆಸರು ಹಿಂಬದಿಯಲ್ಲಿ, ಕಾಲಿನ ಕಡೆ ಬೇಡ, ತಲೆಯ ಕಡೆ ಇರಲಿ. ಬಿಳಿ ಬಟ್ಟೆಯ ಅಂಗೈಯಗಲದ ತುಂಡಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಅದರ ಮೇಲೆ ದಾರ ಓಡಿಸಿ. ಹೆಸರು, ಊರು, ರೆಜಿಮೆಂಟ್, ಹುಟ್ಟಿದ ವರ್ಷ, ಹೋದ ವರ್ಷ. ಅಕ್ಷರ ಮನೆಯವರ ಕೈಯಿಂದಲೇ ಬರೆಸಿ ನೋಡಿಕೊಳ್ಳಿ. ರ‍್ಯಾಂಕ್ ತಪ್ಪಿದರೆ, ಇನಿಷಿಯಲ್ ತಪ್ಪಿದರೆ ಎಲ್ಲ ಶ್ರಮ ನೀರಿಗೆ. ಹುತಾತ್ಮ ಎಂಬ ಪದ ನಾವೆಲ್ಲ ಬಳಸುತ್ತೇವೆ, ಸೇನೆಯ ಕಡತದಲ್ಲಿ ಆ ಪದ ಇಲ್ಲ. ಬೇಕೋ ಬೇಡವೋ ಮನೆಯವರ ಇಷ್ಟ. ಒಬ್ಬ ತಂದೆ ‘ಬರೀ ಅವನ ಹೆಸರು ಸಾಕು, ಮನೇಲಿ ಕರೀತಿದ್ದ ಹೆಸರು’ ಎಂದರು. ಎರಡೇ ಅಕ್ಷರ. ನಮ್ಮ ಹೆಸರು, ಸಂಘದ ಹೆಸರು, ದಾನಿಗಳ ಹೆಸರು ಕೌದಿಯ ಮೇಲೆ ಎಲ್ಲೂ ಬೇಡ.

ತೊಳೆದು ಕೊಡುವುದು

ಕಚ್ಚಾ ಹೊಲಿಗೆ ಕಿತ್ತು, ಅಂಟುವಾಳದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಎತ್ತಿ. ಮೂರು ಪದರದ ಕೌದಿ ಒದ್ದೆಯಾದರೆ ಒಬ್ಬರಿಗೆ ಎತ್ತಲಾಗದು. ಹಗ್ಗದ ಮೇಲೆ ಹಾಕಬೇಡಿ, ಅಡಿಕೆ ಒಣಗಿಸುವ ಅಟ್ಟದ ಮೇಲೆ ಹಳೇ ಸೀರೆ ಹಾಸಿ ಹರಡಿ. ಎರಡು ಬಿಸಿಲು ಬೇಕು. ಕೊಡುವವರೆಗೆ ಎತ್ತಿಡುವಾಗ ಮಡಿಕೆಯ ನಡುವೆ ಒಣಗಿದ ಲಕ್ಕಿ ಸೊಪ್ಪು ಇಟ್ಟರೆ ಹುಳ ಬರುವುದಿಲ್ಲ.

ಕೊಡುವುದು ಮನೆಯಲ್ಲೇ. ವೇದಿಕೆ, ಮೈಕು, ಬ್ಯಾನರ್ ಬೇಡ. ನಮ್ಮನ್ನು ಒಂದು ಕಾರ್ಯಕ್ರಮಕ್ಕೆ ಕರೆದಿದ್ದರು, ಹೋದೆವು. ಆ ತಾಯಿ ಕೌದಿ ಹಿಡಿದು ಫೋಟೋಗೆ ನಿಂತದ್ದು ಇಪ್ಪತ್ತು ನಿಮಿಷ. ಬಿಡಿಸಿ ನೋಡಲು ಒಂದು ನಿಮಿಷವೂ ಸಿಗಲಿಲ್ಲ. ಆಮೇಲೆ ನಾವು ಇಬ್ಬರೇ ಹೋಗುತ್ತೇವೆ, ಬಸ್ಸಿನಲ್ಲಿ. ಕಾಫಿ ಕೊಟ್ಟರೆ ಕುಡಿಯುತ್ತೇವೆ. ಕೌದಿಯನ್ನು ಮಡಿಚಿಯೇ ಕೊಡುತ್ತೇವೆ, ನಾವು ಬಿಡಿಸಿ ತೋರಿಸುವುದಿಲ್ಲ. ಬೇಕೆನಿಸಿದಾಗ ಅವರೇ ಬಿಡಿಸಲಿ.

ಜೊತೆಗೆ ಒಂದು ಬಟ್ಟೆ ಚೀಲ ಕೊಡಿ. ಅದರಲ್ಲಿ ಅವರ ಅಂಗಿಯಲ್ಲಿ ಉಳಿದ ಚೂರುಗಳೆಲ್ಲ, ಕಫ್, ಗುಂಡಿಗಳು, ಒಂದು ದಾರದುಂಡೆ, ಎರಡು ಸೂಜಿ. ಹೊದ್ದ ಕೌದಿ ಮೂರು ನಾಲ್ಕು ವರ್ಷಕ್ಕೆ ಅಲ್ಲಲ್ಲಿ ಹರಿಯುತ್ತದೆ. ತೇಪೆಗೆ ಬೇರೆ ಬಟ್ಟೆ ಹುಡುಕುವುದು ಬೇಡ. ಬೂದು ಅಂಗಿಯ ಮನೆಗೆ ಹೋದ ವರ್ಷ ಹೋಗಿದ್ದೆವು. ಕೌದಿ ಹಾಸಿಗೆಯ ಮೇಲೇ ಇತ್ತು, ಕಾಲಿನ ಕಡೆ ಒಂದು ಕಫ್ ತೇಪೆಯಾಗಿತ್ತು. ಕಪ್ಪು ದಾರ ಮುಗಿದಿತ್ತಂತೆ, ಬಿಳಿ ದಾರದಲ್ಲೇ ಹೊಲಿದಿದ್ದರು.